ಅರ್ಜಂಟ್ ಇದ್ದರೆ ಮುನ್ನೂರು ಜಾಸ್ತಿ: ನಾನು ಇಫ್-ಎಲ್ಸ್ ಕಲಿತ ಐದು ತಿಂಗಳು

ಹೋದ ಭಾನುವಾರ ನನ್ನ ಪೈಥಾನ್ ಕೋರ್ಸು ಮುಗಿಯಿತು. ಪೈಥಾನ್ ಅಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ, ಅದರಲ್ಲಿ 'ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು' ಅನ್ನುವುದೇ ಇಫ್-ಎಲ್ಸ್. ಸರ್ಟಿಫಿಕೇಟ್ ಇನ್ನೂ ಕೈಗೆ ಬಂದಿಲ್ಲ, "ಎರಡು ವಾರ ಬಿಟ್ಟು ಬರ್ರಿ" ಅಂದಿದ್ದಾರೆ. ಎಲ್ಲ ನೆನಪು ಹಸಿ ಇರುವಾಗಲೇ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಮೂವತ್ತು ದಾಟಿದ ಮೇಲೆ, ಕಾಮರ್ಸ್ ಓದಿ, ಕೆಲಸದ ನಡುವೆ ಪ್ರೋಗ್ರಾಮಿಂಗ್ ಕಲಿಯಲು ಹೊರಟವರು ಯಾರಾದರೂ ಇದ್ದರೆ ನಾನು ಎಡವಿದಲ್ಲೇ ಅವರೂ ಎಡವುವುದು ಬೇಡ.

ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು) ಮಾಡುತ್ತೇನೆ, ಹನ್ನೊಂದು ವರ್ಷವಾಯಿತು. ಮನೆ ಬೆಟಗೇರಿ. ನಮ್ಮೂರಲ್ಲಿ ಪ್ರೆಸ್ಸುಗಳಿಗೆ ಬರವಿಲ್ಲ, ಬರ ಬಂದದ್ದು ಕೆಲಸಕ್ಕೆ. ಮೊದಲು ಒಂದು ಮದುವೆಗೆ ಐನೂರು ಪತ್ರಿಕೆ ಹೊಡೆಸುತ್ತಿದ್ದವರು ಈಗ ಇನ್ನೂರು ಹೊಡೆಸಿ ಉಳಿದವರಿಗೆ ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಬಿಲ್ಲಿಗೆ ಒಂದು ಸಾಫ್ಟ್‌ವೇರ್ ಹಾಕಿಸೋಣ ಅಂತ ಮಾಲಕರು ವಿಚಾರಿಸಿದರೆ 30,000 ಹೇಳಿದರಂತೆ. "ಅಷ್ಟರಾಗ ಒಂದು ಕಟಿಂಗ್ ಮಷೀನ್ ರಿಪೇರಿ ಆಗ್ತೈತಿ" ಅಂದು ಕೈಬಿಟ್ಟರು. ನಾನೇ ಕಲಿತು ಮಾಡಿದರೆ ಹೇಗೆ ಅನ್ನುವ ಹುಳ ಆವತ್ತು ತಲೆಗೆ ಹೊಕ್ಕಿತು.

ದೀಪಾವಳಿ ಮುಗಿದ ವಾರ ಹುಬ್ಬಳ್ಳಿ ವಿದ್ಯಾನಗರದ ಒಂದು ಕಂಪ್ಯೂಟರ್ ಸಂಸ್ಥೆಗೆ ಹೋದೆ. ಶನಿವಾರ-ಭಾನುವಾರದ ಬ್ಯಾಚು, ಫೀ 7,500, ಎರಡು ಕಂತು. ಮಾರ್ಕ್ಸ್ ಕಾರ್ಡು, ಆಧಾರ್, ಎರಡು ಫೋಟೋ ಅಂದಿದ್ದರು, ಅಷ್ಟನ್ನೇ ಒಯ್ದಿದ್ದೆ. ಕೌಂಟರಿನ ಹುಡುಗಿ ಎರಡೂ ಕಾಗದ ಅಕ್ಕಪಕ್ಕ ಇಟ್ಟು, "ಹೆಸರು ಕೂಡವಲ್ದು ಅಕ್ಕಾರ" ಅಂದಳು. ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಹೆಸರು, ತವರಿನ ಅಡ್ಡಹೆಸರು. ಆಧಾರಿನಲ್ಲಿ ಗಂಡನ ಹೆಸರು, ಗಂಡನ ಮನೆಯ ಅಡ್ಡಹೆಸರು. "ಇಬ್ಬರೂ ನಾನ ಇದ್ದೀನವ್ವ" ಅಂದರೆ ನಡೆಯಲಿಲ್ಲ. ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿದ್ದಕ್ಕೆ ಎಲ್ಲ ಸೇರಿ 350 ರೂಪಾಯಿ, ಒಂದು ಶನಿವಾರ ಪೂರ್ತಿ. ಮದುವೆಯಾದ ಹೆಣ್ಣುಮಕ್ಕಳು ಇದನ್ನು ಮೊದಲೇ ಮಾಡಿಸಿಕೊಂಡು ಹೋಗಿರಿ. ಒಂದೇ ಮನುಷ್ಯನ ಎರಡು ಹೆಸರು ಕೂಡದಿದ್ದರೆ ಬಾಗಿಲು ತೆರೆಯುವುದಿಲ್ಲ. ಇದು ಮುಂದೆ ಪೈಥಾನಿನಲ್ಲೂ ನನ್ನನ್ನು ಕಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಫೀ ಕಟ್ಟಿದ ಮೇಲೆ ಕಾಯುವ ಕೆಲಸ. ಎಂಟು ಮಂದಿ ಕೂಡಿದರೆ ಮಾತ್ರ ಬ್ಯಾಚು ಶುರು. ಐವರಾಗಿ ಮೂರು ವಾರ, ಏಳಾಗಿ ಎರಡು ವಾರ. ಕಟ್ಟುವ ಮೊದಲೇ "ಎಷ್ಟು ಮಂದಿ ಆಗ್ಯಾರ, ಆಗದಿದ್ದರೆ ರೊಕ್ಕ ವಾಪಸ್ಸೋ ಹೆಂಗ" ಅಂತ ಕೇಳಿ. ನಾನು ಕೇಳಿರಲಿಲ್ಲ.

ಆ ಐದು ವಾರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ, 13,500. ಒಳಗೆ ವಿಂಡೋಸ್ 7. ಅದು ಹಳೆಯದು ಅಂತ ಗೊತ್ತಿತ್ತು, ಅದರ ಮೇಲೆ ಹೊಸ ಪೈಥಾನ್ ಕೂಡುವುದೇ ಇಲ್ಲ ಅಂತ ಗೊತ್ತಿರಲಿಲ್ಲ. ಪೈಥಾನ್ 3.9ರಿಂದ ವಿಂಡೋಸ್ 7ಕ್ಕೆ ಬೆಂಬಲ ನಿಂತಿದೆ, ಅದಕ್ಕೆ ಸಿಗುವ ಕೊನೆಯದು 3.8. ಅದನ್ನೇ ಹಾಕಿಕೊಂಡೆ. ಇಫ್-ಎಲ್ಸ್ ಕಲಿಯಲು 3.8 ಧಾರಾಳ ಸಾಕು, ಆದರೆ ಎರಡು ಕಡೆ ಪೆಟ್ಟು ತಿಂದೆ. ಕ್ಲಾಸಿನ ಸರ ಕೊಟ್ಟ ನೋಟ್ಸಿನಲ್ಲಿ ಮ್ಯಾಚ್-ಕೇಸ್ ಅಂತ ಒಂದು ಪಾಠವಿತ್ತು, ಅದು ಪೈಥಾನಿಗೆ ಬಂದದ್ದು 2021ರಲ್ಲಿ, 3.10ರಲ್ಲಿ. ಎಲ್ಲರ ಯಂತ್ರದಲ್ಲಿ ಓಡಿದ್ದು ನನ್ನದರಲ್ಲಿ ಓಡಲಿಲ್ಲ. ಇನ್ನೊಂದು, ಹೊಸ ಪೈಥಾನ್ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತದೆ. ಇಫ್ ಸಾಲಿನಲ್ಲಿ 'ಎರಡೂ ಒಂದೇ ಏನು' ಅಂತ ಕೇಳುವ == ಬದಲು ಒಂದೇ = ಹಾಕಿದರೆ 'ಎರಡು ಹಾಕಬೇಕಿತ್ತೇನೋ' ಅಂತ ಸುಳಿವು ಕೊಡುತ್ತದೆ. ನನ್ನದು ಬರೇ 'ಇನ್‌ವ್ಯಾಲಿಡ್ ಸಿಂಟ್ಯಾಕ್ಸ್' (ಬರೆದ ರೀತಿ ತಪ್ಪು) ಅಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ವಿಂಡೋಸ್ 10 ಇದೆಯೋ ನೋಡಿ ಕೊಳ್ಳಿ.

ಖರ್ಚಾಗದೆ ಉಳಿದದ್ದು ಬಸ್ಸಿನ ರೊಕ್ಕ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಗದಗದಿಂದ ಹುಬ್ಬಳ್ಳಿಗೆ ಐದು ತಿಂಗಳು ಶೂನ್ಯ ಟಿಕೆಟ್ಟಿನಲ್ಲೇ ಓಡಾಡಿದೆ. ಒಂದು ದಿನ ಆಧಾರ್ ಮರೆತು ಹತ್ತಿದ್ದೆ. ಕಂಡಕ್ಟರ್ ಕೈ ಚಾಚಿ ನಿಂತರು. "ಪ್ರತಿ ವಾರ ನಿಮ್ಮ ಬಸ್ಸಿಗೇ ಬರ್ತೀನಲ್ರಿ ಅಣ್ಣಾರ" ಅಂದೆ. "ನೀವು ಹೆಣ್ಮಗಳು ಅನ್ನೂದು ಕಾಣ್ತೈತ್ರಿ, ಕರ್ನಾಟಕದವ್ರು ಅನ್ನೂದು ಹೆಂಗ ಕಾಣ್ಬೇಕು?" ಅಂದು ಟಿಕೆಟ್ ಹರಿದರು. ಸಿಟ್ಟು ಬಂತು. ಅಣ್ಣಿಗೇರಿ ದಾಟುವಾಗ ಸಿಟ್ಟು ಇಳಿದು ನಗು ಬಂತು, ಯಾಕೆಂದರೆ ಹಿಂದಿನ ವಾರ ಕ್ಲಾಸಿನಲ್ಲಿ ಕಲಿತ 'ಅಂಡ್' ಅಂದರೆ ಇದೇ. ಹೆಣ್ಣುಮಗಳಾಗಿರಬೇಕು, ಮತ್ತು ಕರ್ನಾಟಕದ ವಿಳಾಸ ತೋರಿಸಬೇಕು, ಮತ್ತು ಬಸ್ಸು ಎಸಿ, ಸ್ಲೀಪರ್ ಆಗಿರಬಾರದು, ಮತ್ತು ಪ್ರಯಾಣ ರಾಜ್ಯದೊಳಗೇ ಇರಬೇಕು. ನಾಲ್ಕರಲ್ಲಿ ಮೂರು ಖರೆಯಾದರೂ ಒಂದು ಸುಳ್ಳಾದರೆ ಪೂರ್ತಿ ಸುಳ್ಳು. ಮುಕ್ಕಾಲು ಟಿಕೆಟ್ ಮಾಫಿ ಅಂತ ಇಲ್ಲ.

ಕಲಿಸುವ ಸರ ನನಗಿಂತ ಆರು ವರ್ಷ ಸಣ್ಣವರು. ಕ್ಲಾಸಿನ ಉಳಿದ ಏಳು ಮಂದಿ ಅವರಿಗಿಂತಲೂ ಸಣ್ಣವರು, ಇಂಜಿನಿಯರಿಂಗ್ ಮತ್ತು ಬಿಸಿಎ ಹುಡುಗರು. ಮೊದಲ ದಿನ ಬಾಗಿಲಲ್ಲಿ ನಿಂತಾಗ ಒಬ್ಬ ಹುಡುಗ ನಾನು ಯಾರದೋ ತಾಯಿ ಅಂತ ತಿಳಿದು ಕುರ್ಚಿ ತಂದು ಹೊರಗೆ ಹಾಕಿದ. ಅದೇ ಕುರ್ಚಿ ಒಳಗೆ ಎಳೆದುಕೊಂಡು ಕೂತೆ.

ನಾಲ್ಕನೇ ವಾರ ಇಫ್ ಬಂತು. ಅಲ್ಲಿಯವರೆಗೆ ಪ್ರೋಗ್ರಾಮ್ ಅಂದರೆ ಮೇಲಿಂದ ಕೆಳಗೆ ಸಾಲುಸಾಲಾಗಿ ಓಡುವುದು, ನಮ್ಮ ಮಷೀನಿನಲ್ಲಿ ಕಾಗದ ಓಡಿದ ಹಾಗೆ. ಇಫ್ ಬಂದಾಗ ದಾರಿ ಒಡೆಯುತ್ತದೆ. ಸರ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲೇ ಬರೆದು ಹೇಳುತ್ತಿದ್ದರು, ನನಗೆ ಹತ್ತು ನಿಮಿಷ ತಲೆ ಓಡಲಿಲ್ಲ. ಕಾರಣ ಆಮೇಲೆ ತಿಳಿಯಿತು. ನಾವು "ಮಳಿ ಬಂದ್ರ ಕೊಡಿ ಒಯ್ಯಿ" ಅನ್ನುತ್ತೇವೆ. ನಮ್ಮ ಷರತ್ತು ಇರುವುದು ಆ 'ರ'ದಲ್ಲಿ, ಪುಸ್ತಕದ ಕನ್ನಡದಲ್ಲಿ 'ರೆ'ಯಲ್ಲಿ, ಮಾತಿನ ಬಾಲದಲ್ಲಿ. 'ಮಳಿ ಬಂ' ಅನ್ನುವವರೆಗೆ ಇದು ಸುದ್ದಿಯೋ ಷರತ್ತೋ ಗೊತ್ತಾಗುವುದಿಲ್ಲ. ಪೈಥಾನಿನಲ್ಲಿ ಷರತ್ತಿನ ಗಂಟೆ ಮೊದಲೇ ಬಾರಿಸಬೇಕು. ಅಂದಿನಿಂದ ನಾನು ಯಾವ ಪ್ರೋಗ್ರಾಮಿಗೂ ಮೊದಲು ಕಾಗದದ ಮೇಲೆ ಕನ್ನಡದಲ್ಲಿ ವಾಕ್ಯ ಬರೆದು, 'ರೆ' ಇದ್ದಲ್ಲೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತೇನೆ. ಎಷ್ಟು ಸುತ್ತೋ ಅಷ್ಟು ಇಫ್. 'ಇಲ್ಲದಿದ್ದರೆ' ಬಂದರೆ ಎಲ್ಸ್. ಹುಡುಗರು ನಕ್ಕರು, ನಗಲಿ.

ಒಂದು ಮಾತು: ಇಲ್ಲಿ ಓದಲಿಕ್ಕೆ ಅನುಕೂಲವಾಗಲಿ ಅಂತ ಇಫ್, ಎಲಿಫ್ (ಮೇಲಿನದು ಆಗದಿದ್ದರೆ ಇದನ್ನು ನೋಡು) ಎಲ್ಲ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಆದರೆ ನಾವು ಇಡುವ ಹೆಸರುಗಳು, ಅಂದರೆ ಒಟ್ಟು, ದರ, ಬಗೆ ಇಂಥವು, ಕನ್ನಡದಲ್ಲೇ ಇದ್ದರೂ ಪೈಥಾನ್ ಒಪ್ಪುತ್ತದೆ. ನಾನು ಹಾಗೇ ಬರೆಯುತ್ತೇನೆ.

ಮೊದಲ ಮನೆಗೆಲಸ ಎಸ್ಸೆಸ್ಸೆಲ್ಸಿ ಫಲಿತಾಂಶ. ನಮ್ಮ ಕಾಲದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಒಟ್ಟು 625. 531 ದಾಟಿದರೆ ಡಿಸ್ಟಿಂಕ್ಷನ್, 375 ಮೇಲೆ ಫಸ್ಟ್ ಕ್ಲಾಸ್, 313 ಮೇಲೆ ಸೆಕೆಂಡ್, 219 ಮೇಲೆ ಪಾಸ್. ನಾನು ಬರೆದದ್ದು ಹೀಗೆ (ಅಂಕಿಯ ಹಿಂದಿನ ಚಿಹ್ನೆ ಅಂದರೆ 'ಅಷ್ಟು ಅಥವಾ ಅದಕ್ಕಿಂತ ಹೆಚ್ಚು', ಪ್ರಿಂಟ್ ಅಂದರೆ ಪರದೆಯ ಮೇಲೆ ತೋರಿಸು):

ಇಫ್ ಒಟ್ಟು >= 219:
    ಪ್ರಿಂಟ್("ಪಾಸ್")
ಎಲಿಫ್ ಒಟ್ಟು >= 313:
    ಪ್ರಿಂಟ್("ಸೆಕೆಂಡ್ ಕ್ಲಾಸ್")
ಎಲಿಫ್ ಒಟ್ಟು >= 375:
    ಪ್ರಿಂಟ್("ಫಸ್ಟ್ ಕ್ಲಾಸ್")

ನನ್ನದೇ ಅಂಕ 391 ಹಾಕಿದೆ. 'ಪಾಸ್' ಅಂತು. 600 ಹಾಕಿದೆ, ಅದೂ 'ಪಾಸ್'. ಹದಿನೈದು ವರ್ಷ ಜೋಪಾನ ಮಾಡಿಟ್ಟುಕೊಂಡ ನನ್ನ ಫಸ್ಟ್ ಕ್ಲಾಸನ್ನು ಈ ಪೆಟ್ಟಿಗೆ ಒಂದು ಕ್ಷಣದಲ್ಲಿ ನುಂಗಿತು. ತಪ್ಪು ಎಲ್ಲೂ ತೋರಿಸಲಿಲ್ಲ, ಕೆಂಪಕ್ಷರ ಬರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತು ನೋಡಿದ ಮೇಲೆ ಹೊಳೆಯಿತು: ಎಲಿಫ್ ಸರಪಳಿಯಲ್ಲಿ ಮೊದಲು ಖರೆಯಾದ ಬಾಗಿಲಲ್ಲೇ ಒಳಗೆ ಹೋಗಿಬಿಡುತ್ತದೆ, ಮುಂದಿನ ಬಾಗಿಲು ನೋಡುವುದೇ ಇಲ್ಲ. 391 ಅನ್ನುವುದು 219ಕ್ಕಿಂತ ದೊಡ್ಡದೇ ತಾನೆ? ಬಿಗಿಯಾದ ಷರತ್ತು ಮೇಲೆ, ಸಡಿಲವಾದದ್ದು ಕೆಳಗೆ. 531ರಿಂದ ಶುರುಮಾಡಿ ಇಳಿದು ಬಂದರೆ ಸರಿಯಾಯಿತು. ಎಲಿಫ್ ಬಿಟ್ಟು ಎಲ್ಲ ಕಡೆ ಇಫ್ ಅಂತಲೇ ಬರೆದಿದ್ದ ನನ್ನ ಪಕ್ಕದ ಹುಡುಗನಿಗೆ 600 ಹಾಕಿದರೆ ನಾಲ್ಕೂ ಕ್ಲಾಸು ಒಟ್ಟಿಗೇ ಬಂದಿದ್ದವು. ಸರ ಇಬ್ಬರಿಗೂ ಒಂದೇ ಮಾತು ಹೇಳಿದರು: "ಒಟ್ಟು 300 ಐತಿ, ಗಣಿತದಾಗ 20 ಐತಿ. ಪಾಸೋ ಫೇಲೋ?" ಒಂದೊಂದು ವಿಷಯದಲ್ಲೂ ಪಾಸಾಗಬೇಕು ಅನ್ನುವ ಷರತ್ತನ್ನು ಇಬ್ಬರೂ ಬರೆದೇ ಇರಲಿಲ್ಲ.

ಆ ವಿಷಯವಾರು ಅಂಕ ಸೇರಿಸುವಾಗ ನಾನು ಮಾಡಿದ ಬುದ್ಧಿವಂತಿಕೆ ಹೇಳಲೇಬೇಕು. ಇನ್‌ಪುಟ್ ಅಂತ ಕೇಳಿ ತೆಗೆದುಕೊಂಡದ್ದು ಯಾವಾಗಲೂ ಅಕ್ಷರವಾಗಿ ಬರುತ್ತದೆ, ಅಂಕಿಯಾಗಿ ಅಲ್ಲ. ಅದನ್ನು 35ರ ಜೊತೆ ಹೋಲಿಸಿದರೆ ಪೈಥಾನ್ ಜಗಳ ತೆಗೆಯುತ್ತದೆ, ಅಕ್ಷರಕ್ಕೂ ಅಂಕಿಗೂ >= ನಡೆಯದು ಅಂತ. ಇಂಟ್ ಅನ್ನುವುದರೊಳಗೆ ಹಾಕಿ ಅಂಕಿ ಮಾಡಿಕೊಳ್ಳಬೇಕಿತ್ತು. ನಾನೇನು ಮಾಡಿದೆ? 35ಕ್ಕೂ ಉದ್ಧರಣ ಚಿಹ್ನೆ ಹಾಕಿದೆ. ಜಗಳ ನಿಂತಿತು. ಆಮೇಲೆ ನೋಡಿದರೆ 9 ಅಂಕದವನು ಪಾಸು, 100ಕ್ಕೆ 100 ತೆಗೆದವಳು ಫೇಲು. ಅಕ್ಷರವಾಗಿ ನೋಡಿದರೆ ಅದು ನಿಘಂಟಿನ ಕ್ರಮ, ಮೊದಲ ಅಕ್ಷರ ಮೊದಲು. 1 ಅನ್ನುವುದು 3ಕ್ಕಿಂತ ಹಿಂದೆ, ಅದಕ್ಕೆ "100" ಅನ್ನುವುದು "35"ಕ್ಕಿಂತ ಸಣ್ಣದು. ಕೆಂಪಕ್ಷರ ಹೋಯಿತು ಅಂದರೆ ತಪ್ಪು ಹೋಯಿತು ಅಂತ ಅಲ್ಲ. ಪ್ರೂಫಿನಲ್ಲೂ ಹೀಗೇ, ಕಾಗುಣಿತ ಸರಿ ಇದ್ದು ಮದುವೆ ತಾರೀಖು ತಪ್ಪಿದ್ದರೆ ಯಾರು ಹೇಳಬೇಕು?

ಡಿಟಿಪಿ ಚಾಳಿಗಳು ಒಂದೆರಡು ಕಡೆ ಕೈ ಹಿಡಿದವು, ಒಂದೆರಡು ಕಡೆ ಕೈ ಕೊಟ್ಟವು. ಇಫ್ ಕೆಳಗಿನ ಸಾಲುಗಳನ್ನು ನಾಲ್ಕು ಸ್ಪೇಸ್ ಒಳಗೆ ತಳ್ಳುವುದು ನನಗೆ ಪ್ಯಾರಾ ಇಂಡೆಂಟಿನಷ್ಟೇ ಸಹಜ. ಆದರೆ ಪತ್ರಿಕೆಯಲ್ಲಿ ಇಂಡೆಂಟು ಅಂದಕ್ಕೆ, ಇಲ್ಲಿ ಅರ್ಥಕ್ಕೆ. ಒಂದು ಸಾಲು ಎಡಕ್ಕೆ ಜಾರಿದ್ದಕ್ಕೆ ಫೇಲಾದವರಿಗೂ 'ಅಭಿನಂದನೆಗಳು' ಬಂತು. ಇನ್ನು ಬಾಗಿದ ಉದ್ಧರಣ ಚಿಹ್ನೆ ಹಾಕುವುದು ನಮ್ಮ ಕಸುಬಿನ ಹೆಮ್ಮೆ, ನೆಟ್ಟಗಿನ ಚಿಹ್ನೆ ಹಾಕಿದರೆ ಮಾಲಕರು ಬಯ್ಯುತ್ತಾರೆ. ವರ್ಡಿನಲ್ಲಿ ಬರೆದು ಅಂಟಿಸಿದ ನನ್ನ ಕೋಡಿನ ಬಾಗಿದ ಚಿಹ್ನೆಗಳನ್ನು ಪೈಥಾನ್ ಒಂದನ್ನೂ ಒಪ್ಪಲಿಲ್ಲ. ಕೋಡನ್ನು ವರ್ಡಿನಲ್ಲಿ ಬರೆಯಬೇಡಿ.

ಫೆಬ್ರುವರಿಯಲ್ಲಿ ಬಿಟ್ಟುಬಿಡುವ ಮನಸ್ಸಾಯಿತು. ಎರಡನೇ ಕಂತು 3,500 ಕಟ್ಟುವ ದಿನ ಬಂದಿತ್ತು, ಪ್ರೆಸ್ಸಿನಲ್ಲಿ ಮದುವೆ ಸೀಸನ್ನು, ಮಗಳಿಗೆ ಜ್ವರ. ಒಂದು ಭಾನುವಾರ ಕ್ಲಾಸು ಮುಗಿಸಿ ಚನ್ನಮ್ಮ ಸರ್ಕಲ್ಲಿನ ಹತ್ತಿರ ಗಿರಮಿಟ್ ತಿನ್ನುತ್ತ ಒಬ್ಬಳೇ ನಿಂತಿದ್ದೆ, ಕಣ್ಣಲ್ಲಿ ನೀರು ಬಂದದ್ದು ಮೆಣಸಿನಕಾಯಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಯಜಮಾನರು ಫೋನಿನಲ್ಲಿ, "ಬಿಡೂದಿದ್ರ ಬಿಡು, ಆದ್ರ ಲ್ಯಾಪ್‌ಟಾಪ್ ಏನ್ ಮಾಡೂದು?" ಅಂದರು. 13,500 ನೆನಪಾಗಿ ಕಂತು ಕಟ್ಟಿದೆ.

ಮುಂದಿನದು ಕಾಣದ ಅಕ್ಷರದ ಕಥೆ. ಕನ್ನಡದಲ್ಲಿ ಪ್ರೋಗ್ರಾಮ್ ಬರೆಯುವವರು ಇದನ್ನು ಬಿಡದೆ ಓದಿ, ಇದು ನನ್ನ ಮೂರು ರಾತ್ರಿ ತಿಂದಿದೆ.

ಕೊನೆಯ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನಮ್ಮ ಪ್ರೆಸ್ಸಿನದೇ ಕೆಲಸ, ಪತ್ರಿಕೆ ಮುದ್ರಣದ ದರ ಹೇಳುವ ಪ್ರೋಗ್ರಾಮ್. ಅದರಲ್ಲಿ ಒಂದು ಸಾಲು: ಅವಸರ == "ಅರ್ಜಂಟ್" ಆಗಿದ್ದರೆ 300 ಸೇರಿಸು. ಒಮ್ಮೊಮ್ಮೆ ಸೇರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಎರಡೂ ಪದ ಪರದೆಯ ಮೇಲೆ ತಂದು ನೋಡಿದೆ, ಒಂದು ಚುಕ್ಕೆಯ ವ್ಯತ್ಯಾಸವಿಲ್ಲ. ಹಿಂದೆ-ಮುಂದೆ ಖಾಲಿ ಜಾಗ ಇರಬಹುದು ಅಂತ ಸ್ಟ್ರಿಪ್ ಹಾಕಿದೆ, ಉಹೂಂ. ಕೊನೆಗೆ ಲೆನ್ ಹಾಕಿ ಉದ್ದ ಎಣಿಸಿದೆ. ಒಂದು 'ಅರ್ಜಂಟ್' ಏಳು, ಇನ್ನೊಂದು ಎಂಟು!

ಏಳು ಹೇಗೆ ಅಂದರೆ ಅ, ರ, ಅರ್ಕದ ವಿರಾಮ, ಜ, ಸೊನ್ನೆ, ಟ, ಕೊನೆಯ ವಿರಾಮ. ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಂಬರು ಕೊಟ್ಟಿರುವ ಪದ್ಧತಿ, ಎಣಿಸುವುದು ಹಾಗೆ. ಎಂಟನೆಯದು? ಅಲ್ಲಿ ಡಿಟಿಪಿ ಅನುಭವ ಕೈ ಹಿಡಿಯಿತು. ನಮ್ಮ ಹಳೆಯ ಕಡತಗಳೆಲ್ಲ ಕನ್ನಡ ಗಣಕ ಪರಿಷತ್ತಿನ 'ನುಡಿ' ಸಾಫ್ಟ್‌ವೇರಿನಲ್ಲಿ, ಹಳೆಯ ಫಾಂಟಿನಲ್ಲಿ ಇವೆ. ಅವು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರಿಂದ ಯುನಿಕೋಡಿಗೆ ಪರಿವರ್ತಿಸಿ ಒಂದು ಪಟ್ಟಿ ಅಂಟಿಸಿದ್ದೆ. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಅಂಟದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಇಡುತ್ತಾರೆ, ಝೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು, ಯುನಿಕೋಡಿನಲ್ಲಿ ಅದರ ನಂಬರು 200ಸಿ. 'ಆಫ್‌ಸೆಟ್' ಬರೆಯಲು ಅದು ಬೇಕೇ ಬೇಕು. ಪರಿವರ್ತನೆಯಲ್ಲಿ ಅದು ಪದದ ಕೊನೆಯ 'ಟ್' ಆದ ಮೇಲೂ ಬಂದು ಕೂತಿತ್ತು. ಅಗಲವೇ ಇಲ್ಲದ ಅಕ್ಷರ, ಕಾಣುವುದು ಹೇಗೆ? ಸ್ಟ್ರಿಪ್‌ಗೆ ಅದು ಖಾಲಿ ಜಾಗ ಅಲ್ಲ, ಹಾಗಾಗಿ ಮುಟ್ಟುವುದಿಲ್ಲ. ರಿಪ್ಲೇಸ್ ಹಾಕಿ ಆ ನಂಬರಿನ ಅಕ್ಷರವನ್ನು ತೆಗೆದ ಮೇಲೆಯೇ ಎರಡೂ ಒಂದಾದದ್ದು. ಮಾರ್ಕ್ಸ್ ಕಾರ್ಡು, ಆಧಾರ್ ಅಕ್ಕಪಕ್ಕ ಇಟ್ಟಿದ್ದ ಆ ಹುಡುಗಿ ನೆನಪಾದಳು. ನಮ್ಮ ಗಿರಾಕಿಗಳ ಪಟ್ಟಿಯಲ್ಲಿ ಊರಿನ ಹೆಸರು 'ಹುಬ್ಳಿ', 'ಹುಬ್ಬಳ್ಳಿ' ಎರಡೂ ಇವೆ, ನಮಗೆ ಒಂದೇ ಊರು, ==ಗೆ ಎರಡು. ಈಗ ನಾನು ಪದ ಹೊಡೆಸುವುದನ್ನೇ ಬಿಟ್ಟಿದ್ದೇನೆ. 1 ಒತ್ತಿದರೆ ಅರ್ಜಂಟ್, 2 ಒತ್ತಿದರೆ ಸಾವಕಾಶ.

ಇಷ್ಟೆಲ್ಲ ಆದರೂ ಕೋಡು ಬರೆಯುವುದು ಕಡಿಮೆ ಕಷ್ಟದ ಭಾಗ. ಹೆಚ್ಚು ಕಷ್ಟವಾದದ್ದು ಮಾಲಕರ ತಲೆಯೊಳಗಿನ ದರಪಟ್ಟಿ ಹೊರಗೆ ತೆಗೆಯುವುದು. ಮೂವತ್ತು ವರ್ಷದಿಂದ ಅವರು ಗಿರಾಕಿಯ ಮುಖ, ಕಾರ್ಡು, ಕ್ಯಾಲೆಂಡರು ಮೂರೂ ನೋಡಿ ಒಂದು ಅಂಕಿ ಹೇಳುತ್ತಾರೆ, ಅದು ಎಂದೂ ಕಾಗದಕ್ಕೆ ಇಳಿದಿಲ್ಲ. ಚಹಾ ಹೊತ್ತಿನಲ್ಲಿ ಪ್ಯಾಡು ಹಿಡಿದು ಕೂತೆ.

"ಕಾಕಾರ, ಕಾರ್ಡಿನ ಛಪಾಯಿಗೆ ಹೆಂಗ ಹಚ್ತೀರಿ?"

"ಮುನ್ನೂರಕ್ಕಿಂತ ಕಡಿಮಿ ಆದ್ರ ಒಂದಕ್ಕ ನಾಕು ರೂಪಾಯಿ. ಮುನ್ನೂರಕ್ಕಿಂತ ಜಾಸ್ತಿ ಆದ್ರ ಮೂರೂವರಿ. ಐನೂರರ ಮ್ಯಾಲೆ ಮೂರು. ನೂರರ ಒಳಗ ಮಾಡಿಸಿದ್ರೂ ನೂರರ ರೊಕ್ಕ."

ಹೇಳಿದ್ದನ್ನು ಹಾಗೇ ಬರೆದೆ, < ಮತ್ತು > ಹಾಕಿ. ಓಡಿಸಿ 300 ಕೊಟ್ಟೆ, 'ದರ' ಅನ್ನುವ ಹೆಸರೇ ಗೊತ್ತಿಲ್ಲ ಅಂತು. ಸರಿಯಾಗಿ ಮುನ್ನೂರು ಅನ್ನುವುದು ಕಡಿಮೆಯಲ್ಲೂ ಇಲ್ಲ, ಜಾಸ್ತಿಯಲ್ಲೂ ಇಲ್ಲ, ಎರಡೂ ಬಾಗಿಲ ನಡುವೆ ಬಿದ್ದಿತ್ತು. ನಮ್ಮಲ್ಲಿ ಹೆಚ್ಚು ಬರುವ ಆರ್ಡರೇ ಮುನ್ನೂರರದು! ಮಾಲಕರನ್ನು ಕೇಳಿದರೆ "ಮುನ್ನೂರಕ್ಕ ಮೂರೂವರಿನ, ಅದೇನ್ ಕೇಳೂದು?" ಅಂದರು. ಅಂದಿನಿಂದ ಯಾವ ಗಡಿ ಬಂದರೂ ಅದರ ಹಿಂದಿನದು, ಅದು, ಅದರ ಮುಂದಿನದು, ಅಂದರೆ 299, 300, 301 ಮೂರನ್ನೂ ಹಾಕಿ ನೋಡದೆ ಏಳುವುದಿಲ್ಲ.

ಹಾಗೆ ಹಾಕಿ ನೋಡುವಾಗಲೇ ಇನ್ನೊಂದು ಹೊರಬಿತ್ತು. 299 ಕಾರ್ಡಿಗೆ 1,196 ರೂಪಾಯಿ. 300ಕ್ಕೆ 1,050! ಒಂದು ಕಾರ್ಡು ಜಾಸ್ತಿ ಆದರೆ 146 ಕಡಿಮೆ. ಲೆಕ್ಕ ಮಾಡಿದರೆ 263ರಿಂದ 299ರವರೆಗೆ ಯಾರೇ ಮಾಡಿಸಿದರೂ ಮುನ್ನೂರರವರಿಗಿಂತ ಜಾಸ್ತಿ ಕೊಡುತ್ತಾರೆ. ನನ್ನ ಇಫ್ ತಪ್ಪಿರಬೇಕು ಅಂತ ಅರ್ಧ ದಿನ ಹುಡುಕಿದೆ, ಇಫ್ ಸರಿ ಇತ್ತು. ಪಟ್ಟಿಯೇ ಹಾಗಿತ್ತು. ಮಾಲಕರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಯಾರಾದ್ರೂ ಇನ್ನೂರಾ ಎಂಬತ್ತು ಅಂದ್ರ ನಾನ ಮುನ್ನೂರು ಮಾಡಿಸ್ರಿ, ಅಗ್ಗ ಬೀಳ್ತೈತಿ ಅಂತೀನವಾ. ಇಷ್ಟು ವರ್ಷ ಯಾರಿಗೂ ಮೋಸ ಆಗಿಲ್ಲ" ಅಂದರು. ಅವರ ಬಾಯಲ್ಲಿದ್ದ ಆ ಷರತ್ತನ್ನೂ ಸೇರಿಸಿದೆ: ಮೊತ್ತ ಮುಂದಿನ ಹಂತದ ಮೊದಲ ಮೊತ್ತಕ್ಕಿಂತ ಜಾಸ್ತಿ ಆದರೆ, ಮುಂದಿನ ಹಂತದ್ದನ್ನೇ ತಗೋ.

ಆಮೇಲೆ ಗಣಪತಿ. ಲಗ್ನ ಮತ್ತು ಗೃಹಪ್ರವೇಶದ ಪತ್ರಿಕೆಗೆ ಮೇಲೆ ಬಣ್ಣದ ಗಣಪತಿ ಬರುತ್ತದೆ, ಅದಕ್ಕೆ 150. ನಾನು ಬರೆದದ್ದು:

ಇಫ್ ಬಗೆ == "ಲಗ್ನ" ಆರ್ "ಗೃಹಪ್ರವೇಶ":

ಕನ್ನಡದಲ್ಲಿ ಓದಿದರೆ ಎಷ್ಟು ಚಂದ ಇದೆ, ಬಗೆ ಲಗ್ನ ಅಥವಾ ಗೃಹಪ್ರವೇಶ ಆದರೆ. ಪೈಥಾನ್ ಅದನ್ನು ಎರಡು ತುಂಡು ಮಾಡಿ ಓದುತ್ತದೆ. ಬಗೆ ಲಗ್ನವೇ? ಇಲ್ಲವಾದರೆ, "ಗೃಹಪ್ರವೇಶ" ಅನ್ನುವ ಈ ಪದ ಖರೆಯೇ? ಖಾಲಿ ಅಲ್ಲದ ಯಾವ ಪದವೂ ಅದಕ್ಕೆ ಖರೆಯೇ. ಹೀಗಾಗಿ ಸಿಮೆಂಟ್ ಅಂಗಡಿಯ ಬಿಲ್ ಬುಕ್ಕಿಗೂ ಗಣಪತಿಯ 150 ಬಿತ್ತು. ಆರ್ ಆದ ಮೇಲೆ 'ಬಗೆ ==' ಅಂತ ಮತ್ತೊಮ್ಮೆ ಬರೆಯಬೇಕು. ಅಂಡ್, ಆರ್ ಒಂದೇ ಸಾಲಿನಲ್ಲಿ ಬಂದರೆ ಪೈಥಾನ್ ಮೊದಲು ಅಂಡ್ ನೋಡುತ್ತದೆ, ಅದೂ ನೆನಪಿರಲಿ. ನಾನು ನೆನಪಿನ ಮೇಲೆ ಭಾರ ಹಾಕದೆ ಎಲ್ಲ ಕಡೆ ಆವರಣ ಹಾಕುತ್ತೇನೆ.

ಏಪ್ರಿಲ್ ಮೂರನೇ ವಾರ ಮಾಲಕರ ಎದುರಿಗೆ ಮೊದಲ ಸಲ ಓಡಿಸಿದೆ. ಆ ದಿನ ಬಂದಿದ್ದ ನಿಜವಾದ ಕೆಲಸಗಳನ್ನೇ ಒಂದೊಂದಾಗಿ ಹಾಕಿದೆ. ಲಗ್ನ, 400, ಸಾವಕಾಶ: 1,550. ಅವರು ಪ್ರೂಫಿನ ಹಿಂಬದಿಗೆ ಪೆನ್ಸಿಲ್ಲಿನಿಂದ ಲೆಕ್ಕ ಮಾಡಿ ತಲೆ ಆಡಿಸಿದರು. ಮೂರನೆಯದು ಒಂದು ಶಿವಗಣಾರಾಧನೆ ಕಾರ್ಡು, ನೂರು, ನಾಳೆ ಸಂಜೆಗೆ ಬೇಕು. ಮೂರು ದಿನದೊಳಗೆ ಬೇಕಾದರೆ ಅರ್ಜಂಟ್, 300 ಜಾಸ್ತಿ ಅಂತ ಅವರೇ ಹೇಳಿ ಬರೆಸಿದ್ದರು. 400ಕ್ಕೆ 300 ಸೇರಿ 700 ಅಂತ ಪರದೆಯ ಮೇಲೆ ಬಂತು.

ಮಾಲಕರು ಪೆನ್ಸಿಲ್ ಕೆಳಗಿಟ್ಟರು. "ಏ ತಂಗಿ, ಸತ್ತವರ ಮನಿ ಕಾರ್ಡಿಗೆ ಅರ್ಜಂಟ್ ಚಾರ್ಜ್ ಹಚ್ತಾರೇನ?"

"ನೀವು ಹೇಳಿರಲಿಲ್ಲಲ್ರಿ ಕಾಕಾರ."

"ಇದನ್ನ ಹೇಳ್ಬೇಕೇನವಾ?"

ನಾನು ಹನ್ನೊಂದು ವರ್ಷ ಅದೇ ಪ್ರೆಸ್ಸಿನಲ್ಲಿ ಕೂತು ನೂರಾರು ಶಿವಗಣಾರಾಧನೆ ಕಾರ್ಡು ಕಂಪೋಜ್ ಮಾಡಿದ್ದೇನೆ, ಎಲ್ಲವೂ ಅರ್ಜಂಟೇ, ಒಂದಕ್ಕೂ ಅವರು ಮೇಲಿನ ರೊಕ್ಕ ಹಚ್ಚಿದ್ದನ್ನು ನೋಡಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ಬರೆದಿರಲಿಲ್ಲ. ಆ ರಾತ್ರಿ ಸಾಲು ತಿದ್ದಿದೆ: ಅರ್ಜಂಟ್ ಆಗಿದ್ದರೆ, ಮತ್ತು ಬಗೆ ಶಿವಗಣಾರಾಧನೆ ಆಗಿರದಿದ್ದರೆ. ಮರುದಿನ ಮತ್ತೆ ಪ್ಯಾಡು ಹಿಡಿದು, "ಇಂಥಾವು ಇನ್ನ ಯಾವ್ಯಾವ ಅದಾವ ಹೇಳ್ರಿ" ಅಂದೆ. ಯೋಚನೆ ಮಾಡಿ ಮಾಡಿ ಎರಡು ಹೇಳಿದರು. ಮಠದ ಜಾತ್ರೆಯ ಕರಪತ್ರಕ್ಕೆ ಕಾಗದದ ಖರ್ಚು ಮಾತ್ರ. ಪ್ರೂಫು ಮೂರು ಸಲಕ್ಕಿಂತ ಹೆಚ್ಚು ತಿದ್ದಿಸಿದವರಿಗೆ 50 ಜಾಸ್ತಿ. ಇನ್ನೂ ಇರಬೇಕು, ಬಂದಾಗ ಬರುತ್ತವೆ. ನೀವು ಬೇರೆಯವರ ಕೆಲಸಕ್ಕೆ ಪ್ರೋಗ್ರಾಮ್ ಬರೆಯುವುದಾದರೆ "ನಿಯಮ ಏನು" ಅಂತ ಕೇಳಬೇಡಿ, ಹೋದ ತಿಂಗಳ ಇಪ್ಪತ್ತು ಬಿಲ್ಲು ಇಸಕೊಂಡು ನಿಮ್ಮ ಉತ್ತರದ ಜೊತೆ ಹೋಲಿಸಿ. ನಾನು ಅದನ್ನು ಕೊನೆಗೆ ಮಾಡಿದೆ, ಮೊದಲೇ ಮಾಡಬೇಕಿತ್ತು.

ಒಟ್ಟು ಖರ್ಚು ಫೀ, ಲ್ಯಾಪ್‌ಟಾಪ್, ಅಫಿಡವಿಟ್ ಸೇರಿ 21,350. ಗಿರಮಿಟ್-ಚಹಾದ ಲೆಕ್ಕ ಇಟ್ಟಿಲ್ಲ.

ಒಂದು ಷರತ್ತು ಮಾತ್ರ ಬರೆಯಲು ಆಗಲಿಲ್ಲ. "ಗುರುತಿನವರಾದ್ರ ಸ್ವಲ್ಪ ಬಿಡ್ತೀವಿ" ಅಂದಿದ್ದರು. ಗುರುತಿನವರು ಅಂದರೆ ಯಾರು ಅಂದೆ. ಬೀಗರು, ಓಣಿಯವರು, ಅಪ್ಪನ ಕಾಲದಿಂದ ಬರುವವರು, ಆಮೇಲೆ "ಕೆಲವು ಮಂದಿ ಮುಖ ನೋಡಿದ್ರ ಗೊತ್ತಾಗ್ತೈತಿ". ಸ್ವಲ್ಪ ಅಂದರೆ ಎಷ್ಟು ಅಂದೆ. ನಕ್ಕರು. ಸರ ಹತ್ತಿರ ಕೇಳಿದಾಗ ಅವರು, "ಅಕ್ಕಾರ, ಅದನ್ನ ಇಫ್ ಮಾಡಬ್ಯಾಡ್ರಿ, ಇನ್‌ಪುಟ್ ಮಾಡ್ರಿ" ಅಂದರು. ಹಾಗೆ ಕೊನೆಗೆ ಒಂದು ಪ್ರಶ್ನೆ ಇಟ್ಟೆ: ಎಷ್ಟು ಕಡಿತ?

ಮೊನ್ನೆ ಶುಕ್ರವಾರ ಲಕ್ಷ್ಮೇಶ್ವರ ಕಡೆಯ ಒಬ್ಬರು ಮಗಳ ಮದುವೆ ಪತ್ರಿಕೆಗೆ ಬಂದಿದ್ದರು. ಮುನ್ನೂರು ಕಾರ್ಡು, ಸೋಮವಾರ ಬೆಳಿಗ್ಗೆಗೆ ಬೇಕು. ಛಪಾಯಿ 1,050, ಗಣಪತಿ 150, ಅರ್ಜಂಟ್ 300, ಒಟ್ಟು 1,500 ಅಂತ ಬಂತು. ಪೆನ್ಸಿಲ್ಲಿನ ಲೆಕ್ಕವೂ ಅಷ್ಟೇ. ಕೆಳಗೆ 'ಎಷ್ಟು ಕಡಿತ?' ಅಂತ ಕರ್ಸರ್ ಮಿಣುಕುತ್ತಿತ್ತು. ಮಾಲಕರು ಎದುರಿಗೆ ಕೂತಿದ್ದ ಆ ತಂದೆಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು, ತೋರುಬೆರಳಿನಿಂದ ಹುಡುಕಿ ಹುಡುಕಿ ಒಂದು 2, ಎರಡು ಸೊನ್ನೆ ಒತ್ತಿದರು.